ಹಳೇ ಪ್ಲೇಯರ್ ಪಿಯಾನೊ ಮನೆಗೆ ತರಬಹುದಾ? ತರುವ ಮೊದಲು ನೋಡಬೇಕಾದ್ದು, ತಂದ ಮೇಲೆ ಮಾಡಬೇಕಾದ್ದು

ಅಮೆರಿಕದಲ್ಲಿರುವ ಕನ್ನಡದ ಓದುಗರು ನನಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ನಮ್ಮ ಬೀದಿಯಲ್ಲಿ ಒಬ್ಬರು ಮನೆ ಖಾಲಿ ಮಾಡ್ತಿದ್ದಾರೆ. ಅವರ ಅಜ್ಜಿ ಕಾಲದ ಪ್ಲೇಯರ್ ಪಿಯಾನೊ ಇದೆಯಂತೆ. ದುಡ್ಡು ಬೇಡ, ಬಂದು ತಗೊಂಡು ಹೋಗಿ ಅಂತಾರೆ. ತರಬಹುದಾ?"

ತರಬಹುದು. ಆದರೆ ನೋಡಿ ತರಬೇಕು. ಬಿಟ್ಟಿ ಸಿಗುವ ಪಿಯಾನೊ ಸಾಗಿಸುವುದಕ್ಕೆ, ಶ್ರುತಿ ಮಾಡಿಸುವುದಕ್ಕೆ, ರಿಪೇರಿಗೆ ಅಂತ ಸಾವಿರಾರು ಡಾಲರ್ ನುಂಗಬಲ್ಲದು. ಇನ್ನೊಂದು ಕಡೆ, "ಕೆಟ್ಟುಹೋಗಿದೆ" ಅಂತ ಜನ ಬಿಸಾಡುವ ಎಷ್ಟೋ ಪಿಯಾನೊಗಳಲ್ಲಿ ಕೆಟ್ಟಿರುವುದು ಬರೀ ಬಟ್ಟೆ ಮತ್ತು ರಬ್ಬರು. ಈ ಎರಡರ ನಡುವಿನ ವ್ಯತ್ಯಾಸ ಗೊತ್ತಾಗಲಿ ಅಂತಲೇ ಈ ಲೇಖನ.

ಮೊದಲು, ಇದು ಏನು?

ಪ್ಲೇಯರ್ ಪಿಯಾನೊ ಅಂದರೆ ರಂಧ್ರ ಕೊರೆದ ಕಾಗದದ ಸುರುಳಿ ಓದಿ ನುಡಿಯುವ ಪಿಯಾನೊ. ಆ ಸುರುಳಿಗೆ ರೋಲ್ ಅಂತಾರೆ. ಜಕಾರ್ಡ್ ಮಗ್ಗದಲ್ಲಿ ತೂತು ಹೊಡೆದ ರಟ್ಟಿನ ಕಾರ್ಡು ಸೀರೆಯ ಅಂಚಿನ ಚಿತ್ತಾರ ಹೇಳಿಕೊಡುತ್ತದಲ್ಲ, ಅದೇ ಥರ. ಇಲ್ಲಿ ಕಾಗದ ಹೇಳಿಕೊಡುವುದು ಸ್ವರಗಳನ್ನು.

ಎಡ್ವಿನ್ ವೋಟಿ ಎಂಬ ಅಮೆರಿಕನ್ 1895ರಲ್ಲಿ ಡೆಟ್ರಾಯಿಟ್‌ನಲ್ಲಿ ಇಂಥದ್ದೊಂದನ್ನು ಕಟ್ಟಿದರು. ಅದು ಬೇರೆಯೇ ಪೆಟ್ಟಿಗೆ. ಸಾಮಾನ್ಯ ಪಿಯಾನೊದ ಮುಂದೆ ತಳ್ಳಿ ನಿಲ್ಲಿಸಿದರೆ, ಫೆಲ್ಟ್ (ಒತ್ತಿ ಮಾಡಿದ ದಪ್ಪ ಉಣ್ಣೆಬಟ್ಟೆ) ಸುತ್ತಿದ ಮರದ ಬೆರಳುಗಳಿಂದ ಕೀಗಳನ್ನು ಒತ್ತುತ್ತಿತ್ತು. ಅಯೋಲಿಯನ್ ಕಂಪನಿ ಅದನ್ನು 'ಪಿಯಾನೋಲಾ' ಅಂತ ಮಾರಿತು. ಆಮೇಲೆ ಯಾವ ಕಂಪನಿಯದ್ದಾದರೂ ಜನ ಪಿಯಾನೋಲಾ ಅಂತಲೇ ಕರೆದರು. ಕೆಲವೇ ವರ್ಷಗಳಲ್ಲಿ ಈ ಯಂತ್ರ ಪಿಯಾನೊದ ಹೊಟ್ಟೆಯೊಳಗೇ ಸೇರಿಕೊಂಡಿತು. 1923ರ ಹೊತ್ತಿಗೆ ಅಮೆರಿಕದಲ್ಲಿ ತಯಾರಾಗುತ್ತಿದ್ದ ಪಿಯಾನೊಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ಲೇಯರ್ ಪಿಯಾನೊಗಳೇ. ಸಂಜೆ ಊಟ ಆದ ಮೇಲೆ ಮನೆಮಂದಿ ಅದರ ಸುತ್ತ ನಿಂತು ಹಾಡುತ್ತಿದ್ದರು. ಆಮೇಲೆ ರೇಡಿಯೊ ಬಂತು, ಗ್ರಾಮಫೋನಿನ ಧ್ವನಿ ಸುಧಾರಿಸಿತು, 1929ರಲ್ಲಿ ಷೇರುಪೇಟೆ ಕುಸಿಯಿತು. ಪಿಯಾನೋಲಾ ಕಾಲ ಅಲ್ಲಿಗೆ ಮುಗಿಯಿತು. ಇವತ್ತು ಅಲ್ಲಲ್ಲಿ ಬಿಟ್ಟಿ ಸಿಗುತ್ತಿರುವುದು ಹೆಚ್ಚಾಗಿ 1910ರಿಂದ 1929ರ ನಡುವಿನವು.

ಒಳಗೆ ಏನಾಗುತ್ತದೆ ಅಂತ ಒಂದು ನಿಮಿಷ ಅರ್ಥ ಮಾಡಿಕೊಳ್ಳಿ. ಮುಂದಿನ ಎಲ್ಲಾ ಪರೀಕ್ಷೆಗೂ ಇದು ಬೇಕು. ನಮ್ಮ ಕಂಪನಿ ನಾಟಕಗಳ ಲೆಗ್ ಹಾರ್ಮೋನಿಯಂ ನೋಡಿದ್ದರೆ ನಿಮಗೆ ಅರ್ಧ ಗೊತ್ತಿದ್ದಂತೆಯೇ. ಇಲ್ಲೂ ಕಾಲಲ್ಲಿ ಪೆಡಲ್ ತುಳಿಯಬೇಕು, ತಿದಿ ಕೆಲಸ ಮಾಡುತ್ತದೆ. ಆದರೆ ಈ ತಿದಿ ಗಾಳಿ ಊದುವುದಿಲ್ಲ, ಗಾಳಿ ಎಳೆಯುತ್ತದೆ. ಕಣ್ಣಿನ ಮಟ್ಟದಲ್ಲಿ ಹಿತ್ತಾಳೆಯ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಸಾಲಾಗಿ ಸಣ್ಣ ತೂತುಗಳು, ಒಂದೊಂದು ಸ್ವರಕ್ಕೆ ಒಂದೊಂದು. ಇದು ಟ್ರ್ಯಾಕರ್ ಬಾರ್. ರೋಲ್ ಇದರ ಮೇಲೆ ಜಾರುತ್ತಾ ಹೋಗುತ್ತದೆ. ಕಾಗದದ ರಂಧ್ರ ಪಟ್ಟಿಯ ತೂತಿನ ಮೇಲೆ ಬಂದ ಕ್ಷಣ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಆ ಒಂದು ಗುಟುಕು ಗಾಳಿ ತೆಳ್ಳಗಿನ ಚರ್ಮದ ಪೊರೆಯೊಂದನ್ನು ಉಬ್ಬಿಸುತ್ತದೆ, ಪೊರೆ ಒಂದು ವಾಲ್ವ್ ಎತ್ತುತ್ತದೆ, ವಾಲ್ವ್ ತೆರೆದರೆ ಬೆರಳುದ್ದದ ಪುಟ್ಟ ತಿದಿಯೊಂದು ಪಟ್ಟನೆ ಮುಚ್ಚಿಕೊಳ್ಳುತ್ತದೆ. ಆ ಎಳೆತಕ್ಕೆ ಸುತ್ತಿಗೆ ಹೋಗಿ ತಂತಿಗೆ ಬಡಿಯುತ್ತದೆ. ಇಂಥ ಪುಟ್ಟ ತಿದಿಗಳು 88 ಇರುತ್ತವೆ. ವಿದ್ಯುತ್ ಇಲ್ಲ, ಬ್ಯಾಟರಿ ಇಲ್ಲ. ಬರೀ ಬಟ್ಟೆ, ಚರ್ಮ, ಮರ, ಗಾಳಿ.

ಹಂತ 1: ಯಾವ ಜಾತಿಯದ್ದು ಅಂತ ಗುರುತಿಸಿ

ಮೂರು ಥರ ನಿಮಗೆ ಸಿಗಬಹುದು.

ಮೊದಲನೆಯದು ಕಾಲಲ್ಲಿ ತುಳಿಯುವ 88 ಸ್ವರದ್ದು. ಮನೆಗಳಲ್ಲಿ ಜಾಸ್ತಿ ಇರುವುದು ಇದೇ. ಮೊದಲ ಸಲ ತಗೊಳ್ಳುವವರಿಗೆ ನಾನು ಹೇಳುವುದೂ ಇದನ್ನೇ.

ಎರಡನೆಯದು 65 ಸ್ವರದ ಹಳೇ ಬಗೆ. 1908ರಲ್ಲಿ ಬಫಲೋ ನಗರದಲ್ಲಿ ತಯಾರಕರೆಲ್ಲ ಸೇರಿ ಒಂದು ಅಳತೆಗೆ ಒಪ್ಪಿಕೊಂಡರು: ರೋಲ್‌ನ ಅಗಲ ಹನ್ನೊಂದೂಕಾಲು ಇಂಚು, 88 ಸ್ವರದ್ದಾದರೆ ಇಂಚಿಗೆ 9 ರಂಧ್ರ. 65 ಸ್ವರದ್ದರಲ್ಲಿ ಇಂಚಿಗೆ 6 ಮಾತ್ರ. ಒಂದು ಸ್ಕೇಲ್ ತಗೊಂಡು ಹೋಗಿ, ಟ್ರ್ಯಾಕರ್ ಬಾರ್ ಮೇಲಿಟ್ಟು ಒಂದು ಇಂಚಿನಲ್ಲಿ ಎಷ್ಟು ತೂತಿದೆ ಎಣಿಸಿ. 6 ಬಂದರೆ ಅದಕ್ಕೆ ರೋಲ್ ಹುಡುಕುವುದು ಕಷ್ಟ.

ಮೂರನೆಯದು ರಿಪ್ರೊಡ್ಯೂಸಿಂಗ್ ಪಿಯಾನೊ. ನುಡಿಸಿದವರ ಬೆರಳಿನ ಒತ್ತಡ, ಮೆದುತನ ಎಲ್ಲವನ್ನೂ ಮತ್ತೆ ತೋರಿಸುವಂಥದ್ದು. ವೆಲ್ಟೆ-ಮಿಗ್ನಾನ್, ಡ್ಯುಯೊ-ಆರ್ಟ್, ಆಂಪಿಕೊ ಎಂಬ ಹೆಸರು ಕಂಡರೆ ಅದು ಇದೇ. ಸಾಮಾನ್ಯವಾಗಿ ವಿದ್ಯುತ್ ಮೋಟರಿನಿಂದ ನಡೆಯುತ್ತದೆ. ಅದ್ಭುತ ವಾದ್ಯ. ಆದರೆ ರಿಪೇರಿ ಬಹಳ ಜಟಿಲ. ಅನುಭವ ಇಲ್ಲದೆ ಕೈ ಹಾಕಬೇಡಿ.

ಹಂತ 2: ಮೊದಲು ಪಿಯಾನೊ ನೋಡಿ, ಪ್ಲೇಯರ್ ಆಮೇಲೆ

ತುಂಬಾ ಜನ ತಪ್ಪು ಮಾಡುವುದು ಇಲ್ಲೇ. ರೋಲ್ ತಿರುಗುತ್ತಾ, ಕೀಗಳು ತಾವಾಗಿಯೇ ಒತ್ತಿಕೊಳ್ಳುವುದನ್ನು ನೋಡಿ ಮನಸ್ಸು ಸೋತುಬಿಡುತ್ತದೆ. ಪಿಯಾನೊ ಹೇಗಿದೆ ಅಂತ ಯಾರೂ ನೋಡುವುದಿಲ್ಲ. ಪ್ಲೇಯರ್ ಭಾಗವನ್ನು ಎಷ್ಟು ಹಾಳಾಗಿದ್ದರೂ ಹೊಸದಾಗಿ ಕಟ್ಟಬಹುದು. ಪಿಯಾನೊದ ಬುನಾದಿ ಹೋಗಿದ್ದರೆ ಖರ್ಚಿಗೆ ಕೊನೆಯಿಲ್ಲ.

ಟಾರ್ಚ್ ಹಿಡಿದು ಇವನ್ನು ನೋಡಿ:

ಎರಕದ ಕಬ್ಬಿಣದ ಚೌಕಟ್ಟು. ಇನ್ನೂರಕ್ಕೂ ಹೆಚ್ಚು ತಂತಿಗಳು ಸೇರಿ ಎಳೆಯುವ ಹತ್ತಾರು ಟನ್ ಬಿಗಿತವನ್ನು ತಡೆಯುವುದು ಇದೇ. ಇದರಲ್ಲಿ ಬಿರುಕು ಕಂಡರೆ ಕೈ ಮುಗಿದು ವಾಪಸ್ ಬನ್ನಿ.

ಶ್ರುತಿ ಗೂಟಗಳು. ತಂತಿ ಸುತ್ತಿರುವ ಈ ಉಕ್ಕಿನ ಗೂಟಗಳು ಮರದಲ್ಲಿ ಬಿಗಿಯಾಗಿ ಕೂತಿರಬೇಕು. ಮರ ಸೀಳಿದ್ದರೆ ಶ್ರುತಿ ನಿಲ್ಲುವುದಿಲ್ಲ. ಒಂದೇ ಸ್ವರದ ಮೂರು ತಂತಿಗಳು ಮೂರು ಕಡೆ ಕೂಗುತ್ತಿದ್ದರೆ ಅನುಮಾನ ಪಡಿ. ಇದನ್ನು ಖಚಿತ ಹೇಳಬಲ್ಲವರು ಪಿಯಾನೊ ಟ್ಯೂನರ್. ಅವರನ್ನು ಒಂದು ಗಂಟೆ ಕರೆಸಿದ ಖರ್ಚು ಯಾವತ್ತೂ ದಂಡವಲ್ಲ.

ತುಕ್ಕು, ನುಸಿ, ಇಲಿ. ಕೆಳಗಿನ ಹಲಗೆ ತೆಗೆದು ನೋಡಿ. ಇಲಿಗಳಿಗೆ ಫೆಲ್ಟ್ ಮತ್ತು ಬಟ್ಟೆ ಅಂದರೆ ಹಬ್ಬ.

ಎಲ್ಲಾ 88 ಕೀಗಳನ್ನೂ ಒಂದೊಂದಾಗಿ ಕೈಯಲ್ಲೇ ಒತ್ತಿ. ಎಷ್ಟು ನುಡಿಯಲಿಲ್ಲ, ಎಷ್ಟು ಮೇಲೆ ಬರಲಿಲ್ಲ ಬರೆದುಕೊಳ್ಳಿ.

ಹಂತ 3: ಈಗ ಪ್ಲೇಯರ್ ಪರೀಕ್ಷೆ

ಮೇಲಿನ ಜಾರುಬಾಗಿಲು ತೆರೆಯಿರಿ. ಟ್ರ್ಯಾಕರ್ ಬಾರ್‌ನ ಎಲ್ಲಾ ತೂತುಗಳ ಮೇಲೆ ಅಗಲದ ಪೇಂಟರ್ ಟೇಪ್ ಅಂಟಿಸಿ. ಅದು ಗುರುತುಳಿಸದೆ ಬಿಟ್ಟುಬರುತ್ತದೆ. ಈಗ ಲಿವರ್ ಅನ್ನು 'ಪ್ಲೇ'ಗೆ ಹಾಕಿ ನಿಧಾನವಾಗಿ ತುಳಿಯಿರಿ.

ನಾಲ್ಕೈದು ತುಳಿತದಲ್ಲಿ ಪೆಡಲ್ ಬಿಗಿಯಾಗಿ, ಪಾದವನ್ನು ವಾಪಸ್ ತಳ್ಳಿದಂತೆ ಆದರೆ ಒಳ್ಳೆಯ ಲಕ್ಷಣ. ತಿದಿ ಗಟ್ಟಿಯಿದೆ, ಸೋರಿಕೆ ಕಡಿಮೆ.

ಪೆಡಲ್ ಸುಮ್ನೆ ನೆಲಕ್ಕೆ ಬೀಳುತ್ತದೆ, ಒಳಗೆ ಬುಸ್ ಬುಸ್ ಸದ್ದು ಮಾತ್ರ ಬರುತ್ತದೆ ಅಂದರೆ ತಿದಿಯ ಬಟ್ಟೆ ಹರಿದಿದೆ ಅಥವಾ ಕೊಳವೆ ಕಳಚಿದೆ. ನೂರು ವರ್ಷದ ವಾದ್ಯದಲ್ಲಿ ಇದು ಸಹಜ. ಹೆದರಬೇಡಿ.

ತೂತುಗಳೆಲ್ಲ ಮುಚ್ಚಿದ್ದರೂ ಒಂದಷ್ಟು ಸ್ವರಗಳು ತಾವಾಗಿ ನುಡಿದರೆ ಆ ಸ್ವರಗಳ ಕೊಳವೆ ಸೋರುತ್ತಿದೆ. ಹಳೇ ರಬ್ಬರ್ ಕೊಳವೆಗಳು ಒಣಗಿ ಚಕ್ಕೆ ಚಕ್ಕೆಯಾಗಿ ಉದುರುತ್ತವೆ.

ಕೆಲವು ಪಿಯಾನೊಗಳಲ್ಲಿ ಕೊಳವೆ ಸೀಸದ್ದು. ಬೂದು ಬಣ್ಣದ ಮೆತ್ತನೆ ಲೋಹ ಕಂಡು, ಅದರ ಮೇಲೆ ಬಿಳಿ ಪುಡಿ ಇದ್ದರೆ ಮುಟ್ಟಬೇಡಿ. ಅದು ವಿಷ. ಊದಬೇಡಿ, ಉಜ್ಜಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಮುಟ್ಟಿದ್ದರೆ ಸೋಪು ಹಾಕಿ ಕೈ ತೊಳೆಯಿರಿ.

ಮನೆಯ ವ್ಯಾಕ್ಯೂಮ್ ಕ್ಲೀನರ್ ಜೋಡಿಸಿ "ಟೆಸ್ಟ್ ಮಾಡೋಣ" ಅಂತ ಕೆಲವರು ಸಲಹೆ ಕೊಡುತ್ತಾರೆ. ದಯವಿಟ್ಟು ಬೇಡ. ಕಾಲಿನ ತಿದಿಗಿಂತ ಅದರ ಸೆಳೆತ ಎಷ್ಟೋ ಪಟ್ಟು ಜಾಸ್ತಿ. ನೂರು ವರ್ಷದ ಚರ್ಮದ ಪೊರೆಗಳು ಒಂದೇ ಸಲಕ್ಕೆ ಹರಿಯಬಹುದು.

ಹಂತ 4: ನಿರ್ಧಾರ

ಪಿಯಾನೊ ಗಟ್ಟಿ, ಪ್ಲೇಯರ್ ಸ್ವಲ್ಪ ಸೋರುತ್ತದೆ: ತನ್ನಿ.

ಪಿಯಾನೊ ಗಟ್ಟಿ, ಪ್ಲೇಯರ್ ಪೂರ್ತಿ ಮೌನ: ಪೂರ್ತಿ ಮರುಜೋಡಣೆಗೆ ದುಡ್ಡು ಮತ್ತು ತಿಂಗಳುಗಟ್ಟಲೆ ತಾಳ್ಮೆ ಇದ್ದರೆ ತನ್ನಿ. ಮರುಜೋಡಣೆ ಅಂದರೆ ಎಲ್ಲಾ ತಿದಿ, ಪೊರೆ, ಕೊಳವೆ ಬಿಚ್ಚಿ ಹೊಸ ಬಟ್ಟೆ, ಚರ್ಮ ಹಾಕುವುದು. ಸೇರಿಸಿದ ಖರ್ಚು ಮಾರಿದಾಗ ವಾಪಸ್ ಬರುವುದಿಲ್ಲ. ನುಡಿಸುವ ಆಸೆಗೆ ತರಬೇಕೇ ಹೊರತು ಲಾಭಕ್ಕಲ್ಲ.

ಪಿಯಾನೊವೇ ಹೋಗಿದೆ: ಬಿಡಿ. ಎಷ್ಟೇ ಚೆಂದದ ಕೆತ್ತನೆ ಇದ್ದರೂ ಬಿಡಿ.

ಇನ್ನೂ ಅನುಮಾನವಿದ್ದರೆ ಒಂದು ಸರಿಯಾದ ವಾದ್ಯವನ್ನು ಮೊದಲು ಕೇಳಿ. ಅಮೆರಿಕದಲ್ಲಿ 1963ರಲ್ಲಿ ಶುರುವಾದ 'ಆಮಿಕಾ' ಎಂಬ ಸಂಗ್ರಾಹಕರ ಸಂಘ ಇದೆ. ಲಂಡನ್ ಕಡೆಯವರಾದರೆ ಬ್ರೆಂಟ್‌ಫರ್ಡ್‌ನ ಮ್ಯೂಸಿಕಲ್ ಮ್ಯೂಸಿಯಂ ಇದೆ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪಿಯಾನೋಲಾ ಮ್ಯೂಸಿಯಂ ಇದೆ. ಒಳ್ಳೆಯ ಸ್ಥಿತಿಯಲ್ಲಿರುವ ಪಿಯಾನೋಲಾ ಹೇಗೆ ನುಡಿಯುತ್ತದೆ ಅಂತ ಕಿವಿಗೆ ಗೊತ್ತಾದರೆ ನಿರ್ಧಾರ ಸುಲಭ.

ಹಂತ 5: ಸಾಗಣೆ ಮತ್ತು ಜಾಗ

ಸಾಮಾನ್ಯ ನಿಲುವು ಪಿಯಾನೊಕ್ಕಿಂತ ಇದು ಭಾರ. 300ರಿಂದ 400 ಕೆಜಿ ಅಂತ ಲೆಕ್ಕ ಇಟ್ಟುಕೊಳ್ಳಿ. ನಾಲ್ಕು ಜನ ಗೆಳೆಯರು, ಒಂದು ಬಾಡಿಗೆ ವ್ಯಾನ್ ಅಂತ ಹೊರಡಬೇಡಿ. ಪಿಯಾನೊ ಸಾಗಿಸುವವರನ್ನೇ ಕರೆಸಿ, "ಪ್ಲೇಯರ್ ಇದೆ" ಅಂತ ಮೊದಲೇ ಹೇಳಿ. ಹೊರಡುವ ಮುಂಚೆ ರೋಲ್ ತೆಗೆದಿಡಿ, ಪೆಡಲ್‌ಗಳನ್ನು ಒಳಗೆ ಮಡಚಿ ಬಾಗಿಲು ಮುಚ್ಚಿ.

ಮನೆಯಲ್ಲಿ ಹೀಟರ್ ಪಕ್ಕ ಬೇಡ, ಬಿಸಿಲು ಬೀಳುವ ಕಿಟಕಿ ಹತ್ತಿರವೂ ಬೇಡ. ಗಾಳಿಯ ತೇವ ಶೇಕಡಾ 45-50ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ತಂದ ದಿನವೇ ಟ್ಯೂನರ್‌ಗೆ ಫೋನ್ ಮಾಡಬೇಡಿ. ಮರ ಹೊಸ ಮನೆಗೆ ಒಗ್ಗಲಿ, ಎರಡು ಮೂರು ವಾರ ಬಿಡಿ. ಬಹಳ ವರ್ಷ ಶ್ರುತಿ ಮಾಡಿಸದಿದ್ದರೆ ಇಡೀ ಪಿಯಾನೊ ಕೆಳಕ್ಕೆ ಇಳಿದಿರುತ್ತದೆ. ಒಂದೇ ದಿನ ಮೇಲಕ್ಕೆಳೆದರೆ ತಂತಿ ಹರಿಯುವ ಅಪಾಯ ಉಂಟು. ಎರಡು ಮೂರು ಸುತ್ತಿನಲ್ಲಿ ಮಾಡುವುದು ಜಾಣತನ.

ಊರಿಗೆ ತಗೊಂಡು ಹೋಗಬಹುದಾ ಅಂತಲೂ ಕೇಳುತ್ತಾರೆ. ಎರಡು ಅಡ್ಡಿ ಇದೆ. ಒಂದು, ಆನೆದಂತ. ಹಳೇ ಪಿಯಾನೊಗಳ ಬಿಳಿ ಕೀಗಳ ಮೇಲ್ಹೊದಿಕೆ ಎಷ್ಟೋ ಸಲ ದಂತದ್ದೇ. ಬಿಳಿ ಕೀ ಮೇಲೆ, ಕಪ್ಪು ಕೀಗಳು ಮುಗಿಯುವ ಕಡೆ, ಕೂದಲೆಳೆಯಂಥ ಅಡ್ಡಗೆರೆ ಕಾಣುತ್ತದಾ ನೋಡಿ. ಎರಡು ತುಂಡು ಜೋಡಿಸಿದ ಗೆರೆ ಅದು. ಜೊತೆಗೆ ಮರದ ಹಾಗೆ ಸಣ್ಣ ಎಳೆಗಳಿದ್ದರೆ ಅದು ದಂತ ಅಂತಲೇ ತಿಳಿಯಿರಿ. ದಂತದ ವಸ್ತು ದೇಶದ ಗಡಿ ದಾಟಿಸುವುದಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟುನಿಟ್ಟು ಇದೆ, ಭಾರತದ ಕಾನೂನಂತೂ ಇನ್ನೂ ಬಿಗಿ. ಎರಡನೆಯದು ನಮ್ಮ ಮಳೆಗಾಲ. ಮಂಗಳೂರು, ಕಾರವಾರದ ಜುಲೈ ತೇವಕ್ಕೆ ಹಳೇ ಅಂಟು ಸಡಿಲವಾಗುತ್ತದೆ, ಫೆಲ್ಟ್ ಬೂಸಲು ಹಿಡಿಯುತ್ತದೆ. ಗೆದ್ದಲಿನ ಮಾತು ಬೇರೆ. ಬೇಡ ಅಂತಲೇ ನನ್ನ ಸಲಹೆ.

ಹಂತ 6: ನೀವೇ ಮಾಡಬಹುದಾದ್ದು, ಮಾಡಬಾರದ್ದು

ಮಾಡಬಹುದಾದ ಮೊದಲ ಕೆಲಸ ಟ್ರ್ಯಾಕರ್ ಬಾರ್ ಶುಚಿ ಮಾಡುವುದು. ರೋಲ್ ಓಡಿದಾಗಲೆಲ್ಲ ಕಾಗದದ ಧೂಳು ತೂತುಗಳಿಗೆ ಹೋಗುತ್ತದೆ. ಇದಕ್ಕೆಂದೇ ಟ್ರ್ಯಾಕರ್ ಬಾರ್ ಪಂಪ್ ಅಂತ ಸಿಗುತ್ತದೆ, ಸೈಕಲ್ ಪಂಪಿನ ಥರದ್ದು. ಆದರೆ ಇದು ಗಾಳಿ ಊದುವ ಬದಲು ಹೀರುತ್ತದೆ. ಒಂದೊಂದೇ ತೂತಿನ ಮೇಲಿಟ್ಟು ಎಳೆಯಬೇಕು. ನನ್ನ ಪಿಯಾನೊದಲ್ಲಿ ನಡುವಿನ ಒಂದು ಸ್ವರ ಮೂರು ವಾರ ಮಾತಾಡಲಿಲ್ಲ. ವಾಲ್ವ್ ಹೋಗಿದೆ ಅಂತಲೇ ಅಂದುಕೊಂಡಿದ್ದೆ. ಪಂಪ್ ಎರಡು ಸಲ ಎಳೆದಾಗ ಅದರ ಬಾಯಿಗೆ ಅಂಟಿಕೊಂಡು ಬಂದಿದ್ದು ಜೀರಿಗೆ ಕಾಳಿನಷ್ಟು ಕಾಗದದ ಚೂರು. ಅದೇ ಸಂಜೆಯಿಂದ ಆ ಸ್ವರ ಸರಿಹೋಯಿತು. ನೆನಪಿಡಿ, ಬಾಯಿಂದ ಯಾವತ್ತೂ ಊದಬೇಡಿ. ಕಸ ಇನ್ನೂ ಒಳಗೆ ಹೋಗುತ್ತದೆ, ಉಸಿರಿನ ತೇವ ಚರ್ಮಕ್ಕೆ ತಾಗುತ್ತದೆ.

ಒಂದು ಸ್ವರ ನುಡಿಯುವುದೇ ಇಲ್ಲ ಅಂದರೆ ಹೆಚ್ಚಾಗಿ ತೂತು ಕಟ್ಟಿದೆ, ಇಲ್ಲವೇ ಪೊರೆ ಹರಿದಿದೆ. ಒಂದು ಸ್ವರ ಒತ್ತಿಕೊಂಡೇ ಉಳಿದರೆ ಒಳಗಿನ ಸೂಜಿಮೊನೆಯಷ್ಟು ಸಣ್ಣ ಗಾಳಿಕಿಂಡಿ ಕಟ್ಟಿರಬಹುದು. ಉಬ್ಬಿದ ಪೊರೆ ಕೆಳಗಿಳಿಯುವುದು ಆ ಕಿಂಡಿಯಿಂದಲೇ. ಇದು ಟೆಕ್ನೀಷಿಯನ್ ಕೆಲಸ.

ಮಾಡಬಾರದ್ದು ಎರಡು. ಎಲ್ಲಿಗೂ ಎಣ್ಣೆ ಬಿಡಬೇಡಿ. ಕಿರುಗುಟ್ಟುತ್ತದೆ ಅಂತ ಎಣ್ಣೆ ಹಾಕಿದರೆ ಮರ, ಚರ್ಮ, ಫೆಲ್ಟ್ ಎಲ್ಲವೂ ಕುಡಿದು ಹಾಳಾಗುತ್ತವೆ. ರೋಲ್ ತಿರುಗಿಸುವ ಗಾಳಿ ಮೋಟರಿನ ಜಾರುವ ಮರದ ಪಟ್ಟಿಗಳಿಗೆ ಒಣ ಗ್ರಾಫೈಟ್ ಪುಡಿ ಸಾಕು. ಇನ್ನೊಂದು, ಫೆವಿಕಾಲ್ ಥರದ ಬಿಳಿ ಅಂಟು. ತಿದಿಗಳಿಗೆ ಹಾಕಬೇಕಾದ್ದು ನಮ್ಮ ಹಳೇ ಬಡಗಿಗಳು ಕಾಯಿಸಿ ಬಳಸುತ್ತಿದ್ದರಲ್ಲ, ಆ ಸರೇಸು. ಅದನ್ನು ಬಿಸಿ, ತೇವ ಕೊಟ್ಟು ಮತ್ತೆ ಬಿಡಿಸಬಹುದು. ಬಿಳಿ ಅಂಟು ಹಾಕಿದರೆ ಮುಂದಿನ ಸಲ ಬಟ್ಟೆ ಬದಲಿಸುವವರು ಮರವನ್ನೇ ಕಿತ್ತು ತೆಗೆಯಬೇಕಾಗುತ್ತದೆ. ಈ ವಾದ್ಯಕ್ಕೆ ನಿಮ್ಮ ನಂತರವೂ ಒಬ್ಬರು ಬರುತ್ತಾರೆ. ಅವರಿಗೆ ದಾರಿ ಮುಚ್ಚಬೇಡಿ.

ಹಂತ 7: ರೋಲ್‌ಗಳು

ಕ್ಯೂಆರ್‌ಎಸ್ ಎಂಬ ಕಂಪನಿ 1900ರಲ್ಲಿ ಶುರುವಾಯಿತು. 88 ಸ್ವರದ ಹಳೇ ರೋಲ್‌ಗಳಲ್ಲಿ ನಿಮಗೆ ಅತಿ ಹೆಚ್ಚು ಕಾಣುವ ಹೆಸರು ಅದೇ. ಎಸ್ಟೇಟ್ ಸೇಲ್‌ಗಳಲ್ಲಿ, ಅಂದರೆ ಮನೆ ಖಾಲಿ ಮಾಡುವಾಗಿನ ಮಾರಾಟಗಳಲ್ಲಿ, ಪೆಟ್ಟಿಗೆಗಟ್ಟಲೆ ಸಿಗುತ್ತವೆ. ಕೊಳ್ಳುವಾಗ ಒಂದೊಂದನ್ನೂ ಒಂದಡಿ ಬಿಚ್ಚಿ ನೋಡಿ. ಕಾಗದ ಹಪ್ಪಳದ ಹಾಗೆ ಮುರಿದರೆ, ಅಂಚು ಹರಿದಿದ್ದರೆ ಬಿಡಿ. ಅಂಚು ಸರಿಯಿಲ್ಲದ ರೋಲ್ ಪಕ್ಕಕ್ಕೆ ಸರಿಯುತ್ತದೆ. ಸರಿದರೆ ರಂಧ್ರ ಪಕ್ಕದ ಸ್ವರದ ತೂತಿನ ಮೇಲೆ ಬಂದು ಹಾಡು ಕಲಸಿಹೋಗುತ್ತದೆ. ಹರಿದ ಕಡೆ ಸೆಲ್ಲೊಟೇಪ್ ಹಾಕಬೇಡಿ. ಕೆಲವೇ ವರ್ಷಕ್ಕೆ ಹಳದಿಯಾಗಿ, ಅಂಟು ಒಸರಿ ಕಾಗದದ ಪಕ್ಕದ ಸುತ್ತಿಗೂ ಹಿಡಿದುಕೊಳ್ಳುತ್ತದೆ. ಹಳೇ ಪುಸ್ತಕ ರಿಪೇರಿಗೆ ಬಳಸುವ ತೆಳು ಟೇಪ್ ತಗೊಳ್ಳಿ.

ಆಂಪಿಕೊ, ಡ್ಯುಯೊ-ಆರ್ಟ್ ರೋಲ್‌ಗಳು ನಿಮ್ಮ ಸಾಮಾನ್ಯ 88 ಸ್ವರದ ಪಿಯಾನೊದಲ್ಲೂ ನುಡಿಯುತ್ತವೆ, ಏರಿಳಿತ ಮಾತ್ರ ನಿಮ್ಮ ಕಾಲಿನದ್ದೇ. ವೆಲ್ಟೆಯ ಕೆಂಪು ಕಾಗದದ ರೋಲ್ ಅಗಲ ಜಾಸ್ತಿ, ಕೂರುವುದೇ ಇಲ್ಲ.

ರೋಲ್‌ನಲ್ಲಿ ಯಾರ ಕೈ ಸಿಗುತ್ತದೆ ಗೊತ್ತಾ? ಸಂಗೀತಗಾರ ಗುಸ್ತಾವ್ ಮಾಹ್ಲರ್ 1905ರಲ್ಲಿ ವೆಲ್ಟೆಗೆ ನುಡಿಸಿದರು. ಅಮೆರಿಕದ ಸಂಗೀತಗಾರ ಸ್ಕಾಟ್ ಜಾಪ್ಲಿನ್ 1916ರಲ್ಲಿ, ತೀರಿಕೊಳ್ಳುವ ಹಿಂದಿನ ವರ್ಷ, ರೋಲ್ ಮಾಡಿದರು. ರಷ್ಯಾದ ಪಿಯಾನೊ ವಾದಕ ರಾಖ್ಮನಿನಾಫ್ ಆಂಪಿಕೊಗೆ ನುಡಿಸಿದರು. ನಮಗೆ ಹತ್ತಿರದ ಒಂದು ಎಳೆಯೂ ಇದೆ. ರಷ್ಯಾದವರೇ ಆದ ಸಂಗೀತಗಾರ ನಿಕೊಲಾಯ್ ಮೆಡ್ಟ್ನರ್ 1920ರ ದಶಕದಲ್ಲಿ ರೋಲ್‌ಗಳಿಗೆ ನುಡಿಸಿದ್ದರು. ಮುಂದೆ ಲಂಡನ್‌ನಲ್ಲಿ ಅವರ ಕೃತಿಗಳನ್ನು ಗ್ರಾಮಫೋನ್ ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು.

ಹಂತ 8: ಕೂತು ನುಡಿಸುವುದು

ಹೌದು, ನುಡಿಸುವುದೇ. ಕಾಗದಕ್ಕೆ ಗೊತ್ತಿರುವುದು ಯಾವ ಸ್ವರ, ಯಾವಾಗ ಅನ್ನುವುದು ಮಾತ್ರ. ಎಷ್ಟು ಜೋರು, ಎಷ್ಟು ಮೆದು, ಎಲ್ಲಿ ತಡೆಯಬೇಕು ಅನ್ನುವುದೆಲ್ಲ ಪೆಡಲ್ ಮೇಲೆ ಕೂತ ನಿಮಗೆ ಬಿಟ್ಟದ್ದು. ಸುಮ್ನೆ ಒಂದೇ ಸಮ ತುಳಿದರೆ ಯಾವ ಹಾಡೂ ಟೈಪ್‌ರೈಟರ್ ಹಾಗೆ ಕೇಳಿಸುತ್ತದೆ. "ಪಿಯಾನೋಲಾ ಅಂದ್ರೆ ಜೀವ ಇಲ್ಲದ ಸಂಗೀತ ಅಲ್ವಾ" ಅನ್ನುವವರು ಕೇಳಿರುವುದು ಅಂಥ ತುಳಿತವನ್ನೇ.

1. ರೋಲ್ ಅನ್ನು ಮೇಲಿನ ಜಾಗದಲ್ಲಿ ಕೂರಿಸಿ. ತುದಿಯ ಉಂಗುರವನ್ನು ಕೆಳಗಿನ ಸುರುಳಿಯ ಕೊಕ್ಕೆಗೆ ಸಿಕ್ಕಿಸಿ, ಒಂದೆರಡು ಸುತ್ತು ಕೈಯಲ್ಲೇ ತಿರುಗಿಸಿ. ಕಾಗದ ನೇರ ಕೂತಿದೆಯಾ ನೋಡಿ.

2. ರೋಲ್‌ನ ಶುರುವಿನಲ್ಲಿ 'ಟೆಂಪೊ 70' ಅಂತಲೋ 80 ಅಂತಲೋ ಇರುತ್ತದೆ. 70 ಅಂದರೆ ನಿಮಿಷಕ್ಕೆ 7 ಅಡಿ ಕಾಗದ. ಲಿವರ್ ಅನ್ನು ಆ ಅಂಕಿಗೆ ತನ್ನಿ. ಹಳೇ ಮೋಟರ್ ಸುಳ್ಳು ಹೇಳಬಹುದು. ಬೇಡದ ಒಂದು ರೋಲ್ ಮೇಲೆ 7 ಅಡಿ ಅಳೆದು ಪೆನ್ಸಿಲ್ ಗುರುತು ಮಾಡಿ, ಗಡಿಯಾರ ಹಿಡಿದು ಪರೀಕ್ಷಿಸಿ.

3. ಇಡೀ ಪಾದ ಪೆಡಲ್ ಮೇಲಿರಲಿ. ಒಂದಾದ ಮೇಲೆ ಒಂದು, ನಿಧಾನ, ಉದ್ದ ತುಳಿತ. ಹೊಸಬರೆಲ್ಲ ಹೊಲಿಗೆ ಮೆಷಿನ್ ತುಳಿದಂತೆ ಓಡಿಸುತ್ತಾರೆ. ಐದು ನಿಮಿಷಕ್ಕೆ ಸುಸ್ತಾಗುತ್ತದೆ, ಹಾಡೂ ಕೂಗಾಟವಾಗುತ್ತದೆ.

4. ಒಂದು ಸ್ವರ ಎದ್ದು ಕೇಳಬೇಕಾದರೆ, ಅದು ಬರುವ ಕ್ಷಣದ ತುಸು ಮುಂಚೆ ಒಂದು ಚುರುಕು ಒತ್ತು ಕೊಡಿ. ಕಣ್ಣು ಕಾಗದದ ಮೇಲಿರಲಿ. ಬರುವ ರಂಧ್ರ ಮುಂಚೆಯೇ ಕಾಣುತ್ತದೆ.

5. ಕೀಗಳ ಮುಂದಿನ ಪಟ್ಟಿಯಲ್ಲಿ ಲಿವರ್‌ಗಳಿವೆ: ಎಡಗೈ ಸ್ವರಗಳನ್ನು ಮೆದು ಮಾಡಲು ಒಂದು, ಬಲಗೈ ಸ್ವರಗಳಿಗೆ ಒಂದು, ನಾದ ಉಳಿಸಿಕೊಳ್ಳಲು ಒಂದು, ವೇಗಕ್ಕೆ ಒಂದು. ಮೊದಲ ವಾರ ವೇಗ ಮತ್ತು ಎಡಗೈ ಮೆದುವಿನದ್ದು, ಇವೆರಡೇ ಸಾಕು. ಸಾಲು ಮುಗಿಯುವ ಕಡೆ ವೇಗ ಕೂದಲೆಳೆಯಷ್ಟು ತಗ್ಗಿಸಿ ಮತ್ತೆ ಬಿಡಿ. ಹಾಡು ಉಸಿರಾಡುವುದು ಆಗಲೇ ಕೇಳಿಸುತ್ತದೆ.

6. ಮನೆಗೆ ಜನ ಬಂದಾಗ ವರ್ಡ್ ರೋಲ್ ಹಾಕಿ. ಇದರಲ್ಲಿ ಕಾಗದದ ಬಲ ಅಂಚಿಗೆ ಹಾಡಿನ ಮಾತುಗಳು ಅಚ್ಚಾಗಿರುತ್ತವೆ. ಕಾಗದ ಮೇಲಿಂದ ಕೆಳಕ್ಕೆ ಇಳಿಯುವುದರಿಂದ ಕೆಳಗಿಂದ ಮೇಲಕ್ಕೆ ಓದಬೇಕು. ಮಕ್ಕಳಿಗೆ ಎರಡೇ ನಿಮಿಷಕ್ಕೆ ಅಭ್ಯಾಸವಾಗುತ್ತದೆ. ಒಬ್ಬರು ತುಳಿಯಲಿ, ಉಳಿದವರು ಹಿಂದೆ ನಿಂತು ಹಾಡಲಿ. ಚಿಕ್ಕ ಮಕ್ಕಳಿಗೆ ಪೆಡಲ್ ಎಟುಕದಿದ್ದರೆ ವೇಗದ ಲಿವರ್ ಅವರ ಕೈಗೆ ಕೊಡಿ.

7. ಮುಗಿದ ಮೇಲೆ ಲಿವರ್ ಅನ್ನು 'ರೀರೋಲ್'ಗೆ ಹಾಕಿ ತುಳಿಯಿರಿ, ಕಾಗದ ಸದ್ದಿಲ್ಲದೆ ವಾಪಸ್ ಸುತ್ತಿಕೊಳ್ಳುತ್ತದೆ. ಸಡಿಲವಾಗಿದ್ದರೆ ಕೈಯಲ್ಲಿ ಮೆಲ್ಲಗೆ ಬಿಗಿಸಿ. ಅಂಚು ಎಳೆದು ಬಿಗಿಸಬೇಡಿ, ಹರಿಯುತ್ತದೆ. ರಾತ್ರಿಯಿಡೀ ಪಿಯಾನೊದಲ್ಲೇ ಬಿಡದೆ ಅವತ್ತೇ ಡಬ್ಬಕ್ಕೆ ಹಾಕಿ, ಡಬ್ಬವನ್ನು ಅಡ್ಡಲಾಗಿ ಮಲಗಿಸಿಡಿ.